ಅಂಕಿಗಳ ಸೊಬಗು ಬೇರೆ, ಸಂಖ್ಯೆಯ ಗುಣ ಬೇರೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿನೋದ ಗಣಿತದ ಅಂಕಣದಲ್ಲಿ 12345678987654321 ಎಂಬ ಹದಿನೇಳು ಅಂಕಿಗಳ ಸಂಖ್ಯೆಯನ್ನು ‘ಪವಾಡ’ವೆಂದು ಕೊಂಡಾಡಲಾಗಿದೆ. ಅದು 111111111ರ ವರ್ಗ ಎಂಬುದೂ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಎಂಬುದೂ ನಿಜ. ಆದರೆ ಈ ಗತಪ್ರತ್ಯಾಗತವು ನಾವು ಸಂಖ್ಯೆಯನ್ನು ಹತ್ತರ ಆಧಾರದಲ್ಲಿ ಬರೆಯುವುದರಿಂದ ಒದಗಿದ್ದೇ ಹೊರತು ಸಂಖ್ಯೆಯೊಳಗೆ ಹುದುಗಿರುವಂಥದ್ದಲ್ಲ.

ಗುಣಾಕಾರವನ್ನು ಕಾಗದದ ಮೇಲೆ ಮಾಡಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಒಂಬತ್ತು ಒಂದುಗಳ ಸಾಲನ್ನು ಪ್ರತಿ ಸಲವೂ ಒಂದು ಸ್ಥಾನ ಎಡಕ್ಕೆ ಸರಿಸುತ್ತ ಒಂಬತ್ತು ಬಾರಿ ಬರೆದು ಕೂಡಿದಾಗ, ಬಲತುದಿಯ ಕಂಬಸಾಲಿನಲ್ಲಿ ಒಂದು, ಅದರ ಪಕ್ಕದಲ್ಲಿ ಎರಡು, ಹೀಗೆ ಏರುತ್ತ ನಡುವಿನಲ್ಲಿ ಒಂಬತ್ತು ಒಂದುಗಳು ಸೇರಿ, ಅಲ್ಲಿಂದಾಚೆ ಅದೇ ಕ್ರಮದಲ್ಲಿ ಇಳಿಯುತ್ತವೆ. ಯಾವ ಮೊತ್ತವೂ ಒಂಬತ್ತನ್ನು ಮೀರದ್ದರಿಂದ ಮುಂದಿನ ಸ್ಥಾನಕ್ಕೆ ದಶಕ ಒಯ್ಯುವ ಪ್ರಸಂಗವೇ ಬರುವುದಿಲ್ಲ. ಅಂಕಿಗಳ ಮೊತ್ತ 81 ಆಗುವುದನ್ನೂ ಅಂಕಣಕಾರರು ಬೆರಗಿನಿಂದ ಹೇಳಿದ್ದಾರೆ. ಒಂಬತ್ತು ಸಾಲುಗಳಲ್ಲಿ ಒಂಬತ್ತೊಂಬತ್ತು ಒಂದುಗಳಿದ್ದ ಮೇಲೆ ಅದು ಇನ್ನೇನಾಗಬೇಕಿತ್ತು? ಹತ್ತು ಒಂದುಗಳ ವರ್ಗ 1234567900987654321. ದಶಕ ಒಯ್ಯಬೇಕಾದೊಡನೆ ‘ಪವಾಡ’ ಮುರಿದುಬಿದ್ದಿತು.

ಅಂಕಣದ ಆ ಹದಿನೇಳು ಅಂಕಿಗಳ ಸಂಖ್ಯೆಯನ್ನೇ ದ್ವಿಮಾನ ಪದ್ಧತಿಯಲ್ಲಿ, ಅಂದರೆ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ, ಬರೆದರೆ 54 ಅಂಕಿಗಳಾಗುತ್ತವೆ. ಅವು 101 ಎಂದು ಆರಂಭವಾಗಿ 001 ಎಂದು ಮುಗಿಯುವುದರಿಂದ ಹಿಂದುಮುಂದಿನ ಸಾಮ್ಯ ಉಳಿಯುವುದಿಲ್ಲ. ಆದರೆ ಆ ಕೊನೆಯ 001 ಮಾತ್ರ ಆಕಸ್ಮಿಕವಲ್ಲ. ದ್ವಿಮಾನದಲ್ಲಿ ಕೊನೆಯ ಮೂರು ಅಂಕಿಗಳು ಸಂಖ್ಯೆಯನ್ನು ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವನ್ನೇ ತೋರಿಸುತ್ತವೆ. ಯಾವುದೇ ಬೆಸ ಸಂಖ್ಯೆಯ ವರ್ಗವನ್ನು ಎಂಟರಿಂದ ಭಾಗಿಸಿದಾಗ ಶೇಷ ಒಂದೇ ಆಗಿರುತ್ತದೆ. ಬರೆಯುವ ಪದ್ಧತಿ ಬದಲಾದರೂ ಬದಲಾಗದ ಇಂತಹವೇ ಸಂಖ್ಯೆಯ ನಿಜವಾದ ಗುಣಗಳು.

ನನಗೆ ಹೆಚ್ಚು ರುಚಿಸುವುದು ಇದರ ಅಪವರ್ತನ. 111111111 ಎಂದರೆ 9 × 37 × 333667. ಇದರಲ್ಲಿ 37 ಮತ್ತು 333667 ಎರಡೂ ಅವಿಭಾಜ್ಯ ಸಂಖ್ಯೆಗಳು. ಆದ್ದರಿಂದ ಇದರ ವರ್ಗದಲ್ಲಿ 3 ನಾಲ್ಕು ಬಾರಿಯೂ ಉಳಿದೆರಡು ಎರಡೆರಡು ಬಾರಿಯೂ ಬರುತ್ತವೆ, ಮತ್ತು ಈ ಒಂದೊಂದು ‘ಬಾರಿ’ಗೂ ಒಂದು ಕೂಡಿಸಿ ಗುಣಿಸಿದರೆ ಭಾಜಕಗಳ ಎಣಿಕೆ 5 × 3 × 3, ಅಂದರೆ 45. ಭಾಜಕಗಳು ಸಾಮಾನ್ಯವಾಗಿ ಜೋಡಿಯಾಗಿಯೇ ಬರುವಾಗ ಇಲ್ಲಿ ಎಣಿಕೆ ಬೆಸವಾಗಲು ಕಾರಣ, ವರ್ಗಮೂಲವಾದ 111111111ಕ್ಕೆ ತಾನೇ ತನ್ನ ಜೋಡಿ. ಒಂದು ಸಂಖ್ಯೆಯ ಭಾಜಕಗಳ ಎಣಿಕೆ ಬೆಸವಾಗಿದ್ದರೆ ಅದು ಪೂರ್ಣ ವರ್ಗವೇ ಆಗಿರಬೇಕೆಂಬ ಈ ಮಾತನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಸಾಧಿಸಬಲ್ಲನಾದ್ದರಿಂದ, ಅಂಕಣದಲ್ಲಿ ಅದಕ್ಕೊಂದು ಸಾಲಿನ ಜಾಗವಾದರೂ ಸಿಗಬೇಕಿತ್ತು.

ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ ಪರೀಕ್ಷಿಸಹೊರಡುವ ಓದುಗರಿಗೆ ಇನ್ನೊಂದು ಸೂಚನೆ: ಸಾಮಾನ್ಯವಾಗಿ ಅದು ಮೊದಲ 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಕೊನೆಯಲ್ಲಿ 21ರ ಬದಲು 00 ತೋರಿಸುತ್ತದೆ. ತಪ್ಪು ಯಂತ್ರದ್ದು, ಗಣಿತದ್ದಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಅಧ್ಯಾಪಕ