ಬಾತುಮರಿ ಮಾರುವವರು ನಾಲ್ಕು ಮಾತು ಹೇಳಿ ಕಳಿಸಲಿ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮುಂಚೆ ಮಲೆನಾಡಿನ ನಮ್ಮೂರ ಸಂತೆಗೆ ಬಿದಿರಿನ ಕುಕ್ಕೆಗಳಲ್ಲಿ ಬಾತುಮರಿಗಳನ್ನು ತುಂಬಿಕೊಂಡು ಬಂದು ಮಾರುವವರಿದ್ದಾರೆ. ಹೋದ ವರ್ಷ ಮಕ್ಕಳ ಆಸೆಗೂ, ತೋಟದ ಬಸವನಹುಳುವಿನ ಕಾಟಕ್ಕೂ ಪರಿಹಾರವಾದೀತೆಂದು ನಾನು ಎಂಟು ಮರಿ ತಂದೆ. ಸಾಕುವ ಕ್ರಮ ಕೇಳಿದಾಗ ಮಾರುವವರು ಹೇಳಿದ್ದು ಇಷ್ಟೇ: ‘ಕೋಳಿಮರಿಯ ಹಾಗೇ ಸಾಕಿ, ನೀರಿಗೆ ಬಿಡಿ.’ ಈ ಮಾತಿನ ಎರಡು ಭಾಗವೂ ತಪ್ಪು ಎಂಬುದು ನನಗೆ ತಿಳಿಯುವ ಹೊತ್ತಿಗೆ ಮೂರು ಮರಿಗಳು ಸತ್ತಿದ್ದವು. ಇದೇ ಮಾತನ್ನು ನಂಬಿ ಮರಿ ಕೊಂಡೊಯ್ಯುವ ಇತರರಿಗೆ ಉಪಯೋಗವಾಗಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ತಂದ ದಿನ ಸಂಜೆ ದೊಡ್ಡ ಬೋಗುಣಿಗೆ ನೀರು ತುಂಬಿ ಮರಿಗಳನ್ನು ಬಿಟ್ಟೆವು. ಅವು ಮುಳುಗಿ ಏಳುವುದನ್ನು ನೋಡಿ ಮಕ್ಕಳು ಕುಣಿದರು. ಬೆಳಿಗ್ಗೆ ನೋಡಿದರೆ ಮೂರು ಮರಿಗಳು ಪೆಟ್ಟಿಗೆಯ ಮೂಲೆಯಲ್ಲಿ ಕತ್ತು ಚಾಚಿ ಬಿದ್ದಿದ್ದವು. ಮೈಯ ನವಿರು ಎಣ್ಣೆಗೆ ಅದ್ದಿದ ಬತ್ತಿಯಂತೆ ಎಳೆಎಳೆಯಾಗಿ ಅಂಟಿಕೊಂಡಿತ್ತು, ಕಾಲುಗಳು ತಣ್ಣಗಿದ್ದವು. ತಾಯಿಯೊಡನೆ ಇರುವ ಮರಿಗಳು ಹುಟ್ಟಿದ ಮರುದಿನವೇ ಈಜುತ್ತವೆ, ನಿಜ. ಆದರೆ ಅವುಗಳ ಮೈಗೆ ತಾಯಿಯ ಗರಿಯ ಎಣ್ಣೆಯಂಶ ತಗಲಿರುತ್ತದೆ, ನೆನೆದರೂ ತಾಯಿಯ ರೆಕ್ಕೆಯಡಿ ಸೇರಿ ಬೆಚ್ಚಗಾಗುತ್ತವೆ. ಯಂತ್ರದ ಕಾವಿನಲ್ಲಿ ಒಡೆದ ಮರಿಗೆ ಈ ಎರಡೂ ಇಲ್ಲ. ಮೈಮೇಲೆ ಸರಿಯಾದ ಗರಿ ಮೂಡುವ ತನಕ ಅದು ನೆನೆದರೆ ಚಳಿ ಹಿಡಿದು ಸಾಯಬಹುದು.

ಹಾಗೆಂದು ನೀರನ್ನು ದೂರ ಇಡುವುದೂ ಸಲ್ಲದು. ಬಾತು ತಿನ್ನುವಾಗ ತುತ್ತುತುತ್ತಿಗೂ ನೀರು ಬಯಸುತ್ತದೆ. ಒಣ ಹಿಟ್ಟು ತಿಂದು ನೀರು ಸಿಗದಿದ್ದರೆ ಗಂಟಲು ಕಟ್ಟುತ್ತದೆ. ಕೊಕ್ಕಿನ ಮೇಲಿನ ಮೂಗಿನ ಹೊಳ್ಳೆಗಳನ್ನೂ ಕಣ್ಣುಗಳನ್ನೂ ಅದು ನೀರಿನಲ್ಲಿ ಅದ್ದಿಯೇ ತೊಳೆದುಕೊಳ್ಳಬೇಕು. ಆದ್ದರಿಂದ ತಲೆ ಅದ್ದುವಷ್ಟು ಆಳವಿದ್ದು, ಮೈ ಇಳಿಸಲಾಗದಷ್ಟು ಕಿರಿದಾದ ಪಾತ್ರೆ ಬೇಕು. ನಾನೀಗ ಎರಡು ಅಂಗುಲ ನೀರು ಹಾಕಿ, ನಡುವೆ ಹೊಳೆಯ ದುಂಡುಕಲ್ಲುಗಳನ್ನು ಇಡುತ್ತೇನೆ. ಬಾತುಮರಿಗಳು ನೀರು ಚೆಲ್ಲುವ ಪರಿಯನ್ನು ಕಂಡವರೇ ಬಲ್ಲರು. ಒಂದು ರಾತ್ರಿಯಲ್ಲಿ ನೆಲವೆಲ್ಲ ಕೆಸರಾಗುತ್ತದೆ. ಭತ್ತದ ಹೊಟ್ಟನ್ನು ದಿನವೂ ಬದಲಿಸದಿದ್ದರೆ ಒದ್ದೆಯಲ್ಲಿ ರೋಗ ಖಚಿತ. ಹೊಟ್ಟಿನ ಬದಲು ಬರೀ ಹಳೆಯ ಪತ್ರಿಕೆ ಹಾಸಿದರೆ ಕಾಲು ಜಾರಿ, ಎರಡು ಕಾಲೂ ಅಗಲಕ್ಕೆ ಚಾಚಿಕೊಂಡು, ಮರಿ ಏಳಲಾರದಂತಾಗುತ್ತದೆ.

ಕಾವಿನ ವಿಷಯದಲ್ಲಿ ಮೊದಲ ವಾರ 32ರಿಂದ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುವುದು ಕ್ರಮ. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಮರಿಗಳನ್ನೇ ನೋಡಿದರೆ ಸಾಕು: ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಡ್ಡೆಯಾಗಿ ಕೂಗುತ್ತಿದ್ದರೆ ಚಳಿ, ಮೂಲೆಗೆ ಸರಿದು ಬಾಯಿ ತೆರೆದು ಏದುತ್ತಿದ್ದರೆ ಸೆಕೆ, ಅಲ್ಲಲ್ಲಿ ಹರಡಿ ಮಲಗಿದ್ದರೆ ಹದ. ಬಲ್ಬನ್ನು ಮಾತ್ರ ತಂತಿಯಿಂದ ಬಿಗಿಯಾಗಿ ಕಟ್ಟಬೇಕು. ಒಣ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಉಳಿದ ಐದು ಮರಿಗಳಲ್ಲಿ ಎರಡಕ್ಕೆ ಮೂರನೆಯ ವಾರದಲ್ಲಿ ಕಾಲು ಸೊಟ್ಟಗಾಗತೊಡಗಿತು. ನಾಲ್ಕು ಹೆಜ್ಜೆ ಇಟ್ಟು ಕುಳಿತುಬಿಡುತ್ತಿದ್ದವು, ಹಿಟ್ಟಿನ ತಟ್ಟೆಯತ್ತ ರೆಕ್ಕೆಯನ್ನು ಊರಿಕೊಂಡು ತೆವಳುತ್ತಿದ್ದವು. ನಾನು ಅವುಗಳಿಗೆ ಹಾಕುತ್ತಿದ್ದದ್ದು ನುಚ್ಚು ಮತ್ತು ಕೋಳಿಮರಿಗೆಂದು ಮಾರುವ ಹಿಟ್ಟು. ಪಶುವೈದ್ಯರು ನೋಡಿದೊಡನೆ ಇದು ನಿಯಾಸಿನ್ ಎಂಬ ಬಿ ವಿಟಮಿನ್ನಿನ ಕೊರತೆ ಎಂದರು. ಕೋಳಿಯಷ್ಟು ಸುಲಭವಾಗಿ ಈ ವಿಟಮಿನ್ನನ್ನು ಬಾತು ತನ್ನ ದೇಹದಲ್ಲೇ ತಯಾರಿಸಿಕೊಳ್ಳಲಾರದು; ಅದರ ಆಹಾರದಲ್ಲಿ ಕೆ.ಜಿ.ಗೆ ಸುಮಾರು 55 ಮಿಲಿಗ್ರಾಂ ನಿಯಾಸಿನ್ ಇರಬೇಕು, ಕೋಳಿಮರಿಗೆ ಬೇಕಾದದ್ದು ಇದಕ್ಕಿಂತ ಬಹಳ ಕಡಿಮೆ. ಅವರು ಹೇಳಿದಂತೆ ಕುಡಿಯುವ ನೀರಿಗೆ ಬಿ ಕಾಂಪ್ಲೆಕ್ಸ್ ದ್ರಾವಣ ಬೆರೆಸಿ, ಹಿಟ್ಟಿಗೆ ಒಣಮೀನಿನ ಪುಡಿ ಸೇರಿಸಿದ ಮೇಲೆ ಒಂದು ಮರಿ ಹತ್ತು ದಿನದಲ್ಲಿ ಎದ್ದು ಓಡಾಡಿತು. ಇನ್ನೊಂದು ಕೊನೆಯವರೆಗೂ ಕುಂಟುತ್ತಲೇ ಇತ್ತು. ಮೊದಲ ದಿನವೇ ಯಾರಾದರೂ ಹೇಳಿದ್ದರೆ ಆ ಮರಿಗೆ ಇಷ್ಟು ನೋವು ಇರುತ್ತಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಮಲೆನಾಡಿನವರು ಮತ್ತು ಕರಾವಳಿಯವರು ಇನ್ನೊಂದು ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಆಷಾಢದ ಜಡಿಮಳೆಯಲ್ಲಿ ಮೆಕ್ಕೆಜೋಳ, ಶೇಂಗಾ ಹಿಂಡಿಗಳಿಗೆ ಬೂಷ್ಟು ಹಿಡಿಯುವುದು ತಡವಿಲ್ಲ. ದನಕ್ಕೆ ಆಗುತ್ತದೆ, ಕೋಳಿಗೆ ಆಗುತ್ತದೆ ಎಂದು ಅದನ್ನೇ ಬಾತುಮರಿಗೆ ಹಾಕುವವರನ್ನು ನಾನು ಕಂಡಿದ್ದೇನೆ. ಆ ಬೂಷ್ಟಿನಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ವಿಷ ಬಾತುಮರಿಯ ಯಕೃತ್ತನ್ನು ಹಾಳುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ತಿಂದು ಸುಮಾರು 1 ಲಕ್ಷ ಟರ್ಕಿ ಕೋಳಿಗಳೊಂದಿಗೆ ಬಾತುಮರಿಗಳೂ ಸತ್ತಾಗಲೇ ಈ ವಿಷ ಜಗತ್ತಿಗೆ ಗೊತ್ತಾದದ್ದು. ಬಾತುಮರಿ ಇದಕ್ಕೆ ಎಷ್ಟು ಬೇಗ ತುತ್ತಾಗುತ್ತದೆಂದರೆ, ಆಹಾರದಲ್ಲಿ ಈ ವಿಷವಿದೆಯೇ ಎಂದು ಪತ್ತೆಹಚ್ಚಲು ವಿಜ್ಞಾನಿಗಳು ಬಾತುಮರಿಗಳನ್ನೇ ಬಳಸಿದ್ದರು. ಮುಗ್ಗು ವಾಸನೆ ಬಂದ ಹಿಂಡಿಯನ್ನು ಗೊಬ್ಬರದ ಗುಂಡಿಗೆ ಹಾಕುವುದೇ ಲೇಸು.

ಒಂದೇ ಮರಿ ತರಬಾರದು, ಒಂಟಿ ಮರಿ ಹಗಲಿರುಳೂ ಕೂಗಿ ಸೊರಗುತ್ತದೆ. ಮಕ್ಕಳು ಮರಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲೇಬೇಕು. ಬಾತು ಪ್ಲೇಗಿನ ಲಸಿಕೆಯನ್ನು ಎಂಟು–ಹತ್ತು ವಾರಕ್ಕೆ ಹಾಕಿಸುವ ಬಗ್ಗೆ ಪಶುವೈದ್ಯರನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

ಈ ವರ್ಷ ತಂದ ಆರು ಮರಿಗಳಲ್ಲಿ ಆರೂ ಉಳಿದಿವೆ, ಈಗ ತೋಟದ ನೀರುಗಾಲುವೆಯಲ್ಲಿ ಈಜುತ್ತಿವೆ. ನಾನು ಬದಲಿಸಿದ್ದು ನೀರಿನ ಪಾತ್ರೆ, ಬಲ್ಬು ಮತ್ತು ಹಿಟ್ಟು, ಇಷ್ಟನ್ನೇ. ಇದಕ್ಕೆ ಹೆಚ್ಚಿನ ಹಣವೂ ಬೇಕಾಗಲಿಲ್ಲ. ಬೆಂಗಳೂರಿನ ಹೆಸರಘಟ್ಟದಲ್ಲಿ ಬಾತುಕೋಳಿಯ ಬಗ್ಗೆಯೂ ಕೆಲಸ ಮಾಡಿದ ಕೇಂದ್ರ ಸರ್ಕಾರದ ಕುಕ್ಕುಟ ಸಂಸ್ಥೆಯಿರುವ ರಾಜ್ಯ ನಮ್ಮದು. ಇಲ್ಲಿ ತಿಳಿವಳಿಕೆಗೆ ಬರವಿಲ್ಲ, ಅದು ಸಂತೆಯ ಕುಕ್ಕೆಯ ಬಳಿಗೆ ಬಂದಿಲ್ಲ. ಪಶುಪಾಲನಾ ಇಲಾಖೆಯು ನೀರು, ಕಾವು, ಆಹಾರ ಈ ಮೂರರ ಬಗ್ಗೆ ಅಂಗೈಯಗಲದ ಕನ್ನಡ ಚೀಟಿಯೊಂದನ್ನು ಅಚ್ಚು ಹಾಕಿಸಿ, ಮರಿ ಮಾರುವವರೆಲ್ಲರೂ ಅದನ್ನು ಕೊಳ್ಳುವವರ ಕೈಗೆ ಕೊಡಲೇಬೇಕೆಂದು ಕಡ್ಡಾಯ ಮಾಡಬೇಕು. ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಮುಂದಿನ ಮೇ ತಿಂಗಳ ಸಂತೆಗಳು ಶುರುವಾಗುವ ಮೊದಲೇ ಪಶುವೈದ್ಯರೊಬ್ಬರಿಂದ ಈ ಕುರಿತು ಲೇಖನ ಬರೆಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೃಷಿಕ ಮಹಿಳೆ, ತೀರ್ಥಹಳ್ಳಿ ತಾಲ್ಲೂಕು