ಬೀಟೆ, ಕೊಕೊಬೋಲೊ, ಕರಿಮರ: ಗಿಟಾರು ಮಾಡುವ ತಮ್ಮನಿಗೆ

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಗಿಟಾರಿನ ಬೆನ್ನಿಗೆ ಕೊಕೊಬೋಲೊ (ಮಧ್ಯ ಅಮೆರಿಕದ, ಬೀಟೆಯದೇ ಜಾತಿಯ ಮರ) ಹಾಕಲೋ ಬೀಟೆ ಹಾಕಲೋ ಎಂದು ಕೇಳಿದ್ದೀಯ. ಮೊದಲ ಗಿಟಾರಿಗೆ ಬೀಟೆಯೇ ಸಾಕು. ನಾದ ಹುಟ್ಟುವುದು ಮುಖ್ಯವಾಗಿ ಸ್ಪ್ರೂಸ್ ಎಂಬ ಹಗುರ ಮರದ ಮೇಲುಹಲಗೆಯಲ್ಲಿ. ಬೆನ್ನಿನ ಮರ ಅದಕ್ಕೆ ಬಣ್ಣ ಕಟ್ಟುತ್ತದೆ, ಅಷ್ಟೇ. ಅಪರೂಪದ ಮರ ತಂದವರು ಒದ್ದಾಡುವುದು ನಾದಕ್ಕಲ್ಲ, ಆ ಮರದ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ಭಾಗದಲ್ಲಿ, ಇರುವ ಎಣ್ಣೆಗೆ. ಅದನ್ನು ಆಮೇಲೆ ಬಿಡಿಸಿ ಹೇಳುತ್ತೇನೆ.

ಮರ ಬಂದ ತಕ್ಷಣ ಗರಗಸ ಹಿಡಿಯಬೇಡ. ಕೆಲಸದ ಕೋಣೆಯ ಗಾಳಿಯಲ್ಲಿ ತೇವಾಂಶ ಶೇ. 45ರಿಂದ 50 ಇರಲಿ. ಹಲಗೆಗಳ ನಡುವೆ ಕಡ್ಡಿ ಕೊಟ್ಟು ಗಾಳಿಯಾಡುವಂತೆ ಜೋಡಿಸಿಡು, ವಾರಕ್ಕೊಮ್ಮೆ ತೂಗು, ತೂಕ ಇಳಿಯುವುದು ನಿಂತ ಮೇಲೆ ಶುರುಮಾಡು. ಮರ ಕುಗ್ಗುವುದು, ಹಿಗ್ಗುವುದು ಎಳೆಗೆ ಅಡ್ಡಲಾಗಿ. ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತೇವದ ದಿನ ಬ್ರೇಸ್ (ಮೇಲುಹಲಗೆಯ ಒಳಮೈಗೆ ಬಲ ಕೊಡುವ ಪಟ್ಟಿ) ಅಂಟಿಸಿದೆಯೋ, ಒಣಹವೆ ಬಂದಾಗ ಮೇಲುಹಲಗೆ ಕುಗ್ಗಲು ನೋಡುತ್ತದೆ, ಅಡ್ಡ ಕೂತ ಬ್ರೇಸ್ ಬಿಡುವುದಿಲ್ಲ. ಹಲಗೆ ಸೀಳಿಯೇ ಸೀಳುತ್ತದೆ.

ಸ್ಪ್ರೂಸ್ ಆರಿಸುವಾಗ ಹಲಗೆಯ ತುದಿ ನೋಡು. ವರ್ಷಗೆರೆಗಳು ಮೈಗೆ ಲಂಬವಾಗಿ ನೆಟ್ಟಗೆ ನಿಂತಿರಬೇಕು. ಎರಡು ಹೋಳುಗಳ ಅಂಚಿಗೆ ಕೀಸುಳಿ ಹೊಡೆದು, ಜೋಡಿಸಿ ಕಿಟಕಿಗೆ ಎದುರಾಗಿ ಹಿಡಿ. ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಕೀಸು; ಕ್ಲ್ಯಾಂಪ್ ಬಿಗಿದು ಮುಚ್ಚಿದ ಸಂದು ಮುಂದೆ ಬಾಯಿಬಿಡುತ್ತದೆ. ದಪ್ಪ 3 ಮಿ.ಮೀ.ಗೆ ಇಳಿದ ಮೇಲೆ ಅಳತೆಗಿಂತ ಕೈಯನ್ನು ನಂಬು. ಅಡ್ಡಕ್ಕೆ ಬಗ್ಗಿಸಿ, ಬೆರಳಲ್ಲಿ ತಟ್ಟಿ ನೋಡು. ಬಿಗಿಯಾದ ಹಲಗೆ 2.7ರವರೆಗೂ ತಾಳುತ್ತದೆ, ಮೆದುವಾದದ್ದು 3ರಲ್ಲೇ ನಿಲ್ಲಲಿ. ಎಕ್ಸ್ ಬ್ರೇಸ್ 8 ಮಿ.ಮೀ. ಅಗಲ, ಒಂದನ್ನೊಂದು ಹಾಯುವಲ್ಲಿ ಸುಮಾರು 15 ಎತ್ತರ, ತುದಿಗೆ ಹೋಗುತ್ತ 2. ಹೊಸಬರು ಹೆದರಿ ಬ್ರೇಸನ್ನೆಲ್ಲ ದಪ್ಪ ಬಿಡುತ್ತಾರೆ, ಗಿಟಾರು ಮಂಕಾಗುತ್ತದೆ. ತುದಿಗಳನ್ನು ಧೈರ್ಯವಾಗಿ ಕೆತ್ತು. ಆದರೆ ಉಕ್ಕಿನ ತಂತಿಗಳ ಒಟ್ಟು ಎಳೆತ 70 ಕಿಲೋ ದಾಟುತ್ತದೆ, ಹಾಗಾಗಿ ನಡುವಿನ ಎತ್ತರಕ್ಕೆ ಉಳಿ ತಾಗಿಸಬೇಡ.

ಪಕ್ಕೆಗೆ ಬೀಟೆಯನ್ನು 2ರಿಂದ 2.2 ಮಿ.ಮೀ.ಗೆ ಇಳಿಸು. ಪಕ್ಕೆ ಬಗ್ಗಿಸುವ ಲೋಹದ ಕೊಳವೆ ನೀರು ಹನಿಸಿದರೆ ಚುರ್ರೆಂದು ಸಿಡಿದು ಹೋಗುವಷ್ಟು ಕಾಯಬೇಕು, ಸುಮಾರು 150 ಡಿಗ್ರಿ. ಮೊದಲು ಸೊಂಟದ ತಿರುವು, ಆಮೇಲೆ ಉಳಿದದ್ದು. ಒತ್ತಿ ಬಗ್ಗಿಸಲು ಹೋಗಬೇಡ, ಶಾಖ ಒಳಗಿಳಿದಾಗ ಮರವೇ ಸಡಿಲವಾಗುವುದು ಕೈಗೆ ಗೊತ್ತಾಗುತ್ತದೆ. ಅಲೆಯಲೆಯಾದ ಎಳೆಯಿರುವ ಮರ ಮಾತ್ರ ಆ ಅಲೆಯಲ್ಲೇ ಪಟ್ಟನೆ ಮುರಿಯುತ್ತದೆ. ಅದಕ್ಕೇ ಹೊರಮೈಗೆ ತೆಳು ಸ್ಟೀಲ್ ಪಟ್ಟಿ ಆನಿಸಿ ಬಗ್ಗಿಸು.

ಇನ್ನು ಎಣ್ಣೆ. ಅಂಟು ಹಿಡಿಯದಿರುವುದು, ವಾರ್ನಿಶ್ ಒಣಗದಿರುವುದು, ಮೈ ತುರಿಸುವುದು, ಮೂರಕ್ಕೂ ಚೇಗಿನ ಈ ಅಂಶಗಳೇ ಮೂಲ. ಕೊಕೊಬೋಲೊದಲ್ಲಿ ಹೆಚ್ಚು, ಬೀಟೆಯಲ್ಲಿ ಕಡಿಮೆ. ನಿನ್ನೆ ಕೀಸಿಟ್ಟ ಮೈಗೆ ಇವತ್ತು ಅಂಟು ಹಚ್ಚಬೇಡ, ರಾತ್ರಿಯೊಳಗೆ ಎಣ್ಣೆ ಮೇಲೆ ಬಂದಿರುತ್ತದೆ. ಹೊಸದಾಗಿ ಕೆರೆದು, ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಲ್ಲಿ ಒರೆಸು. ಬಟ್ಟೆಗೆ ಹತ್ತುವ ಬಣ್ಣ ತಿಳಿಯಾಗುವವರೆಗೆ ಬಟ್ಟೆ ಬದಲಿಸುತ್ತಿರು. ಅಸಿಟೋನ್ ಆರಿದ ಹದಿನೈದು ನಿಮಿಷದೊಳಗೆ ಅಂಟಿಸಿಬಿಡು. ಮಾಮೂಲಿ ಬಿಳಿ ಅಂಟು ತಂತಿಯ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ, ತಂತಿಗಳನ್ನು ಮೇಲುಹಲಗೆಗೆ ಹಿಡಿದಿಡುವ ಬ್ರಿಡ್ಜ್‌ಗೆ ಅದು ಬೇಡವೇ ಬೇಡ. ಹಳದಿ ಮರಗೆಲಸದ ಅಂಟಾಗಲಿ, 60 ಡಿಗ್ರಿಗೆ ಕಾಯಿಸಿದ ಚರ್ಮದ ಅಂಟಾಗಲಿ ಆಗಬಹುದು. ಬ್ರಿಡ್ಜ್‌ನ ಅಡಿಯಲ್ಲಿ ಪಾಲಿಶ್‌ನ ಒಂದು ಚುಕ್ಕೆಯೂ ಉಳಿಯಬಾರದು. ಬ್ರಿಡ್ಜ್‌ನ ಹಿಂದಿನ ಅಂಚು ಎದ್ದ ಗಿಟಾರುಗಳನ್ನು ಬಿಚ್ಚಿ ನೋಡಿದರೆ ಬಹಳ ಸಲ ಕಾಣುವುದು ಅದೇ.

ಎಣ್ಣೆ ಆಧಾರದ ವಾರ್ನಿಶ್ ಕೊಕೊಬೋಲೊ ಮೇಲೆ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಮೊದಲು ಮೇಣ ತೆಗೆದ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಎರಡು ಕೈ ಹೊಡೆ. ಬೇಕಾದರೆ ಪೂರ್ತಿ ಅರಗಿನಲ್ಲೇ ಮುಗಿಸು, ನನಗೆ ಅದೇ ಇಷ್ಟ. ಅಂಚಿನ ಬಿಳಿ ಪಟ್ಟಿಗೆ ಮಾತ್ರ ಮೊದಲೇ ಸಣ್ಣ ಕುಂಚದಿಂದ ಅರಗು ಹಚ್ಚಿರು. ಇಲ್ಲವಾದರೆ ಸ್ಪಿರಿಟ್ ಬೀಟೆಯ ಕೆಂಪನ್ನು ಅದರ ಮೇಲೆ ಎಳೆದು ಹಾಕುತ್ತದೆ. ಉಪ್ಪುಕಾಗದ ಉಜ್ಜುವಾಗ ಮಾಸ್ಕ್, ತುಂಬುತೋಳಿನ ಅಂಗಿ ಎರಡೂ ಬೇಕು. ಕೊಕೊಬೋಲೊದ ಪುಡಿ ಕೆಲವರ ಚರ್ಮಕ್ಕೆ ಆಗುವುದೇ ಇಲ್ಲ, ಒಮ್ಮೆ ಶುರುವಾದ ಅಲರ್ಜಿ ಪ್ರತಿ ಸಲವೂ ಮರಳುತ್ತದೆ.

ಕತ್ತಿನ ಮೇಲೆ ಫ್ರೆಟ್‌ಗಳು (ಅಡ್ಡಲಾಗಿ ಕೂರುವ ಲೋಹದ ತುಂಡುಗಳು) ಇರುವ ಫ್ರೆಟ್‌ಬೋರ್ಡ್‌ಗೆ ಕರಿಮರ ಸರಿ. ನಟ್‌ನಿಂದ (ತಲೆಯ ಕಡೆ ತಂತಿ ಆನುವ ಪಟ್ಟಿ) ಸ್ಯಾಡಲ್‌ವರೆಗೆ (ಬ್ರಿಡ್ಜ್ ಮೇಲೆ ತಂತಿ ಆನುವ ಪಟ್ಟಿ) ಲೆಕ್ಕದ ಉದ್ದ 645 ಮಿ.ಮೀ. ಇಟ್ಟರೆ ಅದನ್ನು 17.817ರಿಂದ ಭಾಗಿಸು, ಮೊದಲ ಫ್ರೆಟ್ 36.2ರಲ್ಲಿ. ಉಳಿದ ಉದ್ದವನ್ನು ಮತ್ತೆ ಭಾಗಿಸಿದರೆ ಎರಡನೆಯದು, ಅಂದರೆ ನಟ್‌ನಿಂದ 70.4. ಗುರುತು ಹಾಕುವಾಗ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆ, ಫ್ರೆಟ್‌ನಿಂದ ಫ್ರೆಟ್‌ಗೆ ಅಳೆದರೆ ತಪ್ಪು ಕೂಡುತ್ತ ಹೋಗುತ್ತದೆ. ಫ್ರೆಟ್ ಕೂರಿಸಲು ಕೊಯ್ಯುವ ಸೀಳು ಫ್ರೆಟ್ ತಂತಿಯ ದಪ್ಪಕ್ಕೆ ಸರಿಹೊಂದಬೇಕು. ತೀರ ಬಿಗಿಯಾದರೆ ಇಪ್ಪತ್ತು ಫ್ರೆಟ್‌ಗಳೂ ಸೇರಿ ಕತ್ತನ್ನು ಹಿಂದಕ್ಕೆ ಬಾಗಿಸುತ್ತವೆ. ಸ್ಯಾಡಲ್ 645ಕ್ಕೇ ಕೂರಿಸಬೇಡ, ತೆಳು ತಂತಿಯ ಕಡೆ ಸುಮಾರು 2, ದಪ್ಪ ತಂತಿಯ ಕಡೆ 5 ಮಿ.ಮೀ. ಹಿಂದೆ ಇರಲಿ. ಒತ್ತಿದ ತಂತಿ ಹಿಗ್ಗಿ ಶ್ರುತಿ ಏರುವುದಕ್ಕೆ ಇದು ಪರಿಹಾರ. ಕತ್ತಿನ ಕೋನಕ್ಕೆ ಒಂದೇ ಪರೀಕ್ಷೆ: ಫ್ರೆಟ್‌ಗಳ ಮೇಲಿಟ್ಟ ನೇರಪಟ್ಟಿಯ ತುದಿ ಬ್ರಿಡ್ಜ್‌ನ ತಲೆಯನ್ನು ಸವರಿಕೊಂಡು ಹೋಗಬೇಕು.

ಬ್ರೆಜಿಲ್‌ನ ರೋಸ್‌ವುಡ್ ಯಾರಾದರೂ ಕೊಡುತ್ತೇನೆಂದರೆ ಕಾಗದಪತ್ರ ಕೇಳು. 1992ರಿಂದ ಅದು ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಪರವಾನಗಿಯಿಲ್ಲದೆ ಗಡಿ ದಾಟುವಂತಿಲ್ಲ.

ಬ್ರೇಸ್ ಕೆತ್ತಿ ಮುಗಿದ ಮೇಲೆ, ಬೆನ್ನು ಮುಚ್ಚುವ ಮುಂಚೆ ಒಳಗಿನ ಫೋಟೋ ಕಳಿಸು. ಮುಚ್ಚಿದ ಮೇಲೆ ತಿದ್ದಲು ಕೈ ಹೋಗುವುದು ನಾದರಂಧ್ರದಿಂದ ಮಾತ್ರ. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಅಣ್ಣ