ಅಂಧರ ಚಾರಣ: ಒಂದು ಸಣ್ಣ ಗಂಟೆಯ ಸದ್ದು ಸಾಕು

ಮಾನ್ಯ ಸಂಪಾದಕರೇ,

ನನಗೆ ಕಣ್ಣು ಕಾಣಿಸುವುದಿಲ್ಲ. ಬೆಟ್ಟ ಹತ್ತುತ್ತೇನೆ ಅಂದರೆ ಜನ ಮೊದಲು ಕೇಳುವುದು, ‘ಮೇಲೆ ಹೋಗಿ ಏನು ನೋಡ್ತೀರಿ?’ ಅಂತ. ನೋಡೋಕೆ ಅಂತಲೇ ಹತ್ತಬೇಕಾ? ತುದಿ ಹತ್ತಿರವಾದಂತೆ ಗಾಳಿಯ ಸದ್ದೇ ಬೇರೆಯಾಗುತ್ತದೆ.

ಅಮೆರಿಕದ ಎರಿಕ್ ವೈಹೆನ್‌ಮೇಯರ್ 2001ರ ಮೇ 25ರಂದು ಎವರೆಸ್ಟ್ ಏರಿದ ಮೊದಲ ಅಂಧ ವ್ಯಕ್ತಿ. 2025ರ ಮೇ ತಿಂಗಳಲ್ಲಿ ಹಿಮಾಚಲದ ಅಂಧ ಮಹಿಳೆ ಛೋಂಜಿನ್ ಅಂಗ್ಮೊ ಕೂಡ ಆ ತುದಿ ಮುಟ್ಟಿದರು. ‘ಯಾರೋ ಹೊತ್ತುಕೊಂಡು ಹೋಗಿರ್ತಾರೆ ಬಿಡಿ’ ಅನ್ನುವವರಿದ್ದಾರೆ. 8,848 ಮೀಟರ್ ಎತ್ತರಕ್ಕೆ ಯಾರು ಯಾರನ್ನು ಹೊರುತ್ತಾರೆ ಹೇಳಿ!

ನಮಗೆ ಬೇಕಾದ್ದು ಜಾಸ್ತಿ ಏನಿಲ್ಲ. ಮುಂದೆ ನಡೆಯುವವರ ಚೀಲಕ್ಕೊಂದು ಸಣ್ಣ ಗಂಟೆ, ಕೈಯಲ್ಲಿ ಎರಡು ಕೋಲು, ‘ಎಡಕ್ಕೆ ಪ್ರಪಾತ, ಮುಂದೆ ಮೊಣಕಾಲೆತ್ತರದ ಕಲ್ಲು’ ಅಂತ ಚುಟುಕಾಗಿ ಹೇಳುವ ಒಂದು ದನಿ. ಸುಮ್ನೆ ‘ಹುಷಾರು, ಹುಷಾರು’ ಅಂದರೆ ಕಾಲು ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಇಳಿಯುವುದು ಇನ್ನೂ ಕಷ್ಟ. ಕಲ್ಲು ಅಲ್ಲಾಡುತ್ತದೋ ಅಂತ ಕೋಲಿನಿಂದ ತಟ್ಟಿಯೇ ಹೆಜ್ಜೆ ಇಡಬೇಕು.

ಕಳೆದ ಸಲ ಒಂದು ಚಾರಣ ತಂಡ ನನ್ನ ಹೆಸರು ಬರೆದುಕೊಂಡಿತ್ತು. ಅಂಧ ಅಂತ ಗೊತ್ತಾದ ಕೂಡಲೇ ಹಣ ವಾಪಸ್ ಕೊಟ್ಟಿತು. ಸಣ್ಣ ಗುಡ್ಡದಲ್ಲಿ ಒಮ್ಮೆ ನಡೆಸಿಯಾದರೂ ನೋಡಬಹುದಿತ್ತು.

– ಒಬ್ಬ ಚಾರಣಿಗ